ಕಿವಿಯೊಳಗಿನ ನಾದಿನಿ

ಬೆಳಕು ಇನ್ನೂ ಹರಿದಿಲ್ಲ. ಲಾಡ್ಜಿನ ಹಿಂಬದಿಯ ಬಟ್ಟೆಕೋಣೆ ಕತ್ತಲೆಯಲ್ಲಿದೆ. ಒಳಗೆ ಒಬ್ಬಾಕೆ ಬಿಳಿ ಶೀಟಿನ ಅಂಚನ್ನು ಗಲ್ಲದಡಿ ಸಿಕ್ಕಿಸಿಕೊಂಡು, ಕೈ ಚಾಚಿ, ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದಾರೆ. ಅವರ ಕತೆ ಕೇಳಲು ಬಂದ ನಾನು ಹೊಸ್ತಿಲು ಎಡವಿದ ಸದ್ದಿಗೆ ಅವರಿಗೆ ನಗು.

"ಸ್ವಿಚ್ಚು ಬಲಗಡೆ ಇದೆ, ಹಾಕ್ಕೊಳ್ಳಿ. ನಂಗೆ ಲೈಟ್ ಬೇಡ, ನಿಮಗೆ ಬೇಕು."

ಅವರ ಕಣ್ಣಿನ ನರ ಸೋತು ದೃಷ್ಟಿ ಪೂರ್ತಿ ಹೋಗಿ ಕೆಲವು ವರ್ಷಗಳಾಗಿವೆ. ಆದರೆ ಕೈಗೆ ಮರೆವಿಲ್ಲ. ಯಾವ ಶೀಟು ಇನ್ನೂ ತೇವ, ಯಾವುದರ ಅಂಚು ಬಿಚ್ಚಿದೆ, ಎಲ್ಲ ಬೆರಳಿಗೆ ಗೊತ್ತು. ತೊಡಕು ತಂದದ್ದು ಹೊಸ ಮ್ಯಾನೇಜರ್. ಹಳಬರು ಮೆಟ್ಟಿಲ ಮೇಲಿಂದ ಕೂಗಿ ಹೇಳುತ್ತಿದ್ದರು, ಹೊಸಬರದು ಎಲ್ಲಕ್ಕೂ ಮೆಸೇಜು. ಓದಲಾಗದವರಿಂದ ಈ ಕೆಲಸ ನಡೆಯುತ್ತದೆಯೇ, ತಿಂಗಳ ಕೊನೆಯವರೆಗೆ ನೋಡೋಣ ಎಂದುಬಿಟ್ಟರು. ಈಕೆಯ ಗಂಡ ಬೆನ್ನುನೋವಿನಿಂದ ಮಲಗಿದ್ದಾರೆ. ಮನೆಯಲ್ಲಿ ದುಡಿಯುವುದು ಇವರೊಬ್ಬರೇ.

ಗಂಡನ ಮನೆಯಿಂದ ಬಂದಿದ್ದ ಮಗಳು ಫೋನಿನಲ್ಲಿ ಓದಿ ಹೇಳುವ ದನಿ ಹಾಕಿಕೊಟ್ಟು ಹೋದಳು. ಬೆರಳು ಸರಿಸಿದರೆ ಫೋನು ಮಾತಾಡುತ್ತದೆ, ಎರಡು ಸಲ ತಟ್ಟಿದರೆ ಮೆಸೇಜು ತೆರೆಯುತ್ತದೆ. ಆ ದನಿಗೆ ಇವರಿಟ್ಟ ಹೆಸರು ನಾದಿನಿ. "ಮುಟ್ಟಿದ್ದಕ್ಕೆಲ್ಲ ಮಾತು. ಒಂದ್ ಗಳಿಗೆ ಬಾಯಿ ಮುಚ್ಚಲ್ಲ ಮಾರಾಯ್ರೆ!" ಇಯರ್‌ಫೋನನ್ನು ನನ್ನ ಕಿವಿಗಿಡುತ್ತಾರೆ. ಅರಳು ಹುರಿದಂತೆ ಪಟಪಟ, ನನಗೆ ಒಂದಕ್ಷರ ತಿಳಿಯುವುದಿಲ್ಲ. ಕೆಲಸ ಸಾಗಲೆಂದು ವೇಗ ಏರಿಸಿಕೊಂಡಿದ್ದಾರೆ.

ಆದರೆ ಮ್ಯಾನೇಜರ್ ನಮ್ಮ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ನಾದಿನಿ ಅದನ್ನು ಇಂಗ್ಲಿಷೆಂದೇ ಓದುತ್ತಿದ್ದಳು. 'ನಾಳೆ' ಎಂದರೆ 'ನೇಲ್'. ರೂಮ್ ನಂಬರು, ಟವೆಲ್, ಶೀಟು ಇವಿಷ್ಟು ಸರಿಯಾಗಿ ಕೇಳಿಸುತ್ತಿದ್ದವು, ಉಳಿದದ್ದು ಊಹೆ. ಅದಕ್ಕಿಂತ ಹೆಚ್ಚಾಗಿ, ಪ್ರತಿ ಮೆಸೇಜೂ 'ಯಾಕ' ಎಂದೇ ಶುರುವಾಗುತ್ತಿತ್ತು.

"ಬೆಳಗಾದ್ರೆ ಯಾಕ, ಯಾಕ ಅಂತ ಗದರಿದ ಹಾಗೆ. ಏನಂತ ಕೇಳೋಣ ಅಂದ್ರೆ, ನೋಡು, ಇವಳಿಗೆ ಅರ್ಥ ಆಗಲ್ಲ ಅಂತ ಕಳಿಸಿಬಿಟ್ರೆ?"

ಆ ತಿಂಗಳ ಕೊನೆಯ ವಾರದ ಒಂದು ದಿನ ತಾರಸಿಯ ತುಂಬ ಶೀಟುಗಳು ಒಣಗುತ್ತಿದ್ದವು. ಲಾಡ್ಜಿನಲ್ಲಿ ಬೇರೆ ಯಾರಿಗೂ ಬಿಡುವಿಲ್ಲ. ಆಗ ನಾದಿನಿ ನುಡಿದಳು: "ಯಾಕ. ಮೇಲ್. ಲೇಟ್." ಮೇಲಿನ ಕೆಲಸ ಯಾಕೆ ಲೇಟು ಎಂದು ಬೈದರೆಂದುಕೊಂಡು ಈಕೆ ಗೋಡೆ ಹಿಡಿದು ಓಡೋಡಿ ತಾರಸಿಗೆ ಹತ್ತಿದರು. ಮೊದಲ ಶೀಟಿಗೆ ಕೈ ಹಾಕುವಾಗ ಹಣೆಗೆ ಮಳೆಯ ಹನಿ ಬಿತ್ತು. ಜಡಿಮಳೆ ಶುರುವಾಗುವಷ್ಟರಲ್ಲಿ ಶೀಟುಗಳೆಲ್ಲ ಒಳಗಿದ್ದವು.

ತೊಯ್ದು ತೊಪ್ಪೆಯಾಗಿ ಬಂದ ಮ್ಯಾನೇಜರ್ ಒಣ ಶೀಟುಗಳನ್ನು ನೋಡಿ ಬೆರಗಾದರು. "ನಾನಿದ್ದ ಕಡೆ ಮಳೆ, ಬರೋದು ಲೇಟು ಅನ್ನೋಕಷ್ಟೇ ಹಾಕಿದ್ದೆ. ಶೀಟಿನ ನೆನಪು ನಂಗೇ ಇರ್ಲಿಲ್ಲ. ನಿಮಗೆ ಹೇಗೆ ಹೊಳೀತು?"

ಈಕೆ ಸುಮ್ಮನಿದ್ದಿದ್ದರೆ ಶಭಾಷ್‌ಗಿರಿ ಸಿಗುತ್ತಿತ್ತು. ಸುಮ್ಮನಿರಲಿಲ್ಲ. "ಮಳೆ ಅಂತ ಯಾರಂದ್ರು ಸಾರ್? ಮೇಲ್ ಅಂದ್ಲು, ಮೇಲೆ ಹೋದೆ" ಎಂದು ವೇಗ ತಗ್ಗಿಸಿ ಇಯರ್‌ಫೋನನ್ನು ಅವರ ಕಿವಿಗಿಟ್ಟರು. ತಾವು ಬರೆದದ್ದನ್ನು ಕೇಳಿ ಮ್ಯಾನೇಜರ್ ಬಟ್ಟೆಗಂಟಿನ ಮೇಲೆ ಕುಸಿದು ಕೂತು ನಕ್ಕರು. ನಗು ನಿಂತ ಮೇಲೆ, "ಇಷ್ಟು ದಿನ ಇದನ್ನ ಕೇಳ್ಕೊಂಡು ಕೆಲಸ ಮಾಡಿದ್ರಾ?" ಎಂದರು. ಅಂದೇ ತಮ್ಮ ಫೋನಿಗೆ ನಮ್ಮ ಅಕ್ಷರದ ಕೀಲಿಮಣೆ ಹಾಕಿಕೊಂಡರು, ನಾದಿನಿಗೂ ನಮ್ಮ ಭಾಷೆ ಕಲಿಸಿದರು. ತಿಂಗಳ ಕೊನೆಯ ಮಾತು ಮತ್ತೆ ಬರಲಿಲ್ಲ.

ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ. "ನಾದಿನಿ ಗಂಟಲು ಕೆಡದೆ ಇದ್ರೆ ಸಾಕು" ಎನ್ನುವಾಗಲೇ ಫೋನು ಸದ್ದು ಮಾಡುತ್ತದೆ. ಇಯರ್‌ಫೋನ್ ಕಳಚಿ, ನನಗೂ ತಿಳಿಯಲೆಂದು ವೇಗ ತಗ್ಗಿಸುತ್ತಾರೆ. ನಾದಿನಿ ಬಿಡಿಸಿ ಬಿಡಿಸಿ ಓದುತ್ತಾಳೆ: "ಅಕ್ಕ, ಮೇಲಿನ ರೂಮಿಗೆ ಎರಡು ಟವೆಲ್."

"ಕೇಳಿದ್ರಾ? ಯಾಕ ಅಲ್ಲ, ಅಕ್ಕ. ಮೊದಲ ದಿನದಿಂದ ಹಾಗೇ ಬರೀತಿದ್ರಂತೆ. ನಾನೇ ಸುಮ್ನೆ ಹೆದರ್ಕೊಂಡಿದ್ದೆ."

ಟವೆಲುಗಳನ್ನು ಎತ್ತಿಕೊಂಡು ಏಳುತ್ತಾರೆ. ಮ್ಯಾನೇಜರ್ ಕೂತಿರುವುದು ಕಟ್ಟಡದ ಆ ತುದಿಯಲ್ಲಿ, ಇಲ್ಲಿಯ ಮಾತು ಅಲ್ಲಿಗೆ ಕೇಳಿಸುವುದಿಲ್ಲ. ಆದರೂ ಈಕೆ ದನಿ ಎತ್ತಿ ಓಗೊಡುತ್ತಾರೆ: "ಓ... ಬಂದೆ!"