ತಂಗಿಯ ಮುಖಕ್ಕೆ ಮಗಳ ಮೂಗು

ಬ್ವೇನಸ್ ಐರಿಸ್‌ನ ವಿಲ್ಯಾ ಕ್ರೆಸ್ಪೊ ಬಡಾವಣೆಯಲ್ಲಿ ನಮ್ಮ ಮೇಲಿನ ಮಹಡಿಯ ಬ್ರೋನ್ಯಾ ಅಜ್ಜಿ ಐವತ್ತು ವರ್ಷ ಹೆಂಗಸರ ಒಳಉಡುಪು ಹೊಲಿದವರು. ಅರ್ಧ ಕೇರಿಯ ಅಳತೆ ಅವರ ತಲೆಯಲ್ಲಿತ್ತು. ನಾಜಿಗಳ ಶಿಬಿರದಿಂದ ಬದುಕಿ ಬಂದವರೆಂದು ಯಾರಾದರೂ ಕನಿಕರಪಟ್ಟರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ನನಗೂ ಉರಿಯುತ್ತದೆ. ಸಾಯದೆ ಉಳಿದದ್ದನ್ನೇ ಕೆದಕುತ್ತಾರೆ, ಆಮೇಲೆ ಬದುಕಿದ್ದನ್ನು ಯಾರೂ ಕೇಳುವುದಿಲ್ಲ.

ಅವರ ಮಗಳು ರೈಜಲ್ ಚಿತ್ರಗಾರ್ತಿ. ತಾಯಿಯ ಕಥೆಯನ್ನೇ ಚಿತ್ರಕಾದಂಬರಿ ಮಾಡಿ, ಅಚ್ಚಿಗೆ ಕೊಡುವ ಹಿಂದಿನ ದಿನ ಹಾಳೆಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

ಪುಟಪುಟದಲ್ಲೂ ಅಜ್ಜಿಗೆ ಜೋಲುಮೋರೆ. ಒಂದು ಕಡೆ ದಿಂಬಿನಡಿ ರೊಟ್ಟಿ ಬಚ್ಚಿಡುತ್ತಿದ್ದರು.

"ನಾನ್ಯಾವತ್ತೇ ರೊಟ್ಟಿ ಬಚ್ಚಿಟ್ಟೆ? ಅದು ನಿಮ್ಮಪ್ಪ! ನಾನು ಟ್ಯಾಂಗೋ ಕುಣಿಯೋಕೆ ಹೋಗ್ತಿದ್ದೆನಲ್ಲ, ಅದೆಲ್ಲಿ?"

"ಓದೋರಿಗೆ ಅದು ಬೇಕಾಗಲ್ಲಮ್ಮ."

"ಹಾಗಾದ್ರೆ ಓದೋರನ್ನೇ ಅಮ್ಮ ಅಂತ ಕರಿ, ಹೋಗು."

ಮುಂದಿನ ಹಾಳೆಯಲ್ಲಿ ಶಿಬಿರದಲ್ಲಿ ಸತ್ತ ಅಜ್ಜಿಯ ತಂಗಿ. ಸತ್ತವರ ಹೆಸರನ್ನು ಮಗುವಿಗಿಡುವುದು ನಮ್ಮ ಯಹೂದಿಗಳಲ್ಲಿ ರೂಢಿ. ಆ ತಂಗಿಯೂ ರೈಜಲ್ಲೇ. ಅವಳ ಫೋಟೊ ಒಂದೂ ಉಳಿದಿರಲಿಲ್ಲ. ಹೆಸರು ಬಂದಮೇಲೆ ಮುಖವೂ ಬಂದಿರುತ್ತದೆಂದು ಮಗಳು ಕನ್ನಡಿ ನೋಡಿಕೊಂಡು ಬರೆದುಬಿಟ್ಟಿದ್ದಳು.

ಅಜ್ಜಿ ಮೇಜು ಗುದ್ದಿದರು. "ಇದು ನಿನ್ನ ಮೂಗು! ಅವಳಿಗಿದ್ದದ್ದೇ ಒಂದು ಮುಖ, ಅದನ್ನೂ ನೀನೇ ತಗೊಂಡ್ಯಾ? ಒಬ್ಬಳ ಅಳತೆಗೆ ಇನ್ನೊಬ್ಬಳದ್ದು ಹೊಲಿತಾರೇನೇ?"

"ನೀನು ಒಂದು ದಿನಾನಾದ್ರೂ ಅವಳು ಹೇಗಿದ್ದಳು ಅಂತ ಹೇಳಿದ್ಯಾ? ನಾನೇನು ಕನಸು ಕಾಣ್ಲಾ?"

ಅಜ್ಜಿ ಹಾಳೆಯನ್ನು ಮಗಳತ್ತ ತಳ್ಳಿದರು. "ಪೆನ್ಸಿಲ್ ತಗೋ" ಎಂದರು.

ಚಪ್ಪಟೆ ಮೂಗು. ಎಡಗಣ್ಣು ತುಸು ವಾರೆ. ಹಣೆಯ ಮೇಲೊಂದು ಗಾಯದ ಗುರುತು, ಬಾವಿಕಟ್ಟೆಯಿಂದ ಬಿದ್ದದ್ದು. ಅಜ್ಜಿ ಹೇಳುತ್ತ ಹೋದರು, ಮಗಳು ಅಳಿಸಿ ಅಳಿಸಿ ಬರೆದಳು.

"ಬಾಯಿ ಹೇಗಿತ್ತಮ್ಮ?"

ಅಜ್ಜಿ ಕಣ್ಣು ಮುಚ್ಚಿಕೊಂಡರು. ನನ್ನ ಚಹಾ ಆರಿಹೋಯಿತು.

"ಬಿಡು. ಗೊತ್ತಿಲ್ಲದ್ದನ್ನ ಬರೀಬೇಡ."

ಪುಸ್ತಕ ಹಾಗೆಯೇ ಬಂತು. ಬಿಡುಗಡೆಯ ದಿನ ವಿಮರ್ಶಕನೊಬ್ಬ ಆ ಪುಟ ಎತ್ತಿ ಹಿಡಿದು, ಬಾಯಿಲ್ಲದ ಈ ಹುಡುಗಿ ಇಡೀ ಜನಾಂಗದ ಮೌನದ ಸಂಕೇತ ಎಂದು ಅರ್ಧ ಗಂಟೆ ಕೊರೆದ. ಜನ ಚಪ್ಪಾಳೆ ಬೇರೆ ತಟ್ಟಿದರು! ನನಗೆ ಚಪ್ಪಲಿ ಕೈಗೆತ್ತಿಕೊಳ್ಳುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಜ್ಜಿಯೇ ಎದ್ದು ನಿಂತರು.

"ಎಂಥ ಮೌನ ಸ್ವಾಮಿ? ವಟವಟ ಅಂತ ಮಾತಾಡ್ತಾನೇ ಇದ್ದಳು ನನ್ನ ತಂಗಿ. ಅವಳ ಬಾಯಿ ಮರೆತವಳು ನಾನು. ಅದನ್ನ ಬರಕೊಳ್ಳಿ."