ಗುಣಪಾಲ ಬರೆದ ಎಚ್ಚರಿಕೆಯ ಹಾಳೆ

ವಾಮಂಜೂರಿನ ಗುಣಪಾಲ ಇಪ್ಪತ್ತಾರು ವರ್ಷಗಳಿಂದ ಗೇರುಬೀಜ ಕತ್ತರಿಸಿ ನೋಡುವ ಕೆಲಸ ಮಾಡುತ್ತಿದ್ದಾನೆ. ಗೋಣಿಯಿಂದ ಒಂದು ಕಿಲೋ ಬೀಜ ತೆಗೆದು, ಒಂದೊಂದನ್ನೇ ಸೀಳಿ, ತಿರುಳೆಷ್ಟು, ಕೊಳೆತದ್ದೆಷ್ಟು ಎಂದು ಹೇಳುತ್ತಾನೆ. ಅವನು ಹೇಳಿದ್ದು ತಪ್ಪಿದ್ದಿಲ್ಲ. ಮಂಗಳೂರಿನ ಕಾರ್ಖಾನೆಗಳಿಗೆ ಊರಿನ ಬೀಜ ಸಾಲದೆ ಆಫ್ರಿಕಾದಿಂದ ತರಿಸುವುದರಿಂದ, ಅವನ ಕಂಪೆನಿ ಅವನನ್ನು ಪ್ರತಿ ಅಕ್ಟೋಬರ್‌ನಲ್ಲಿ ಆ ಕಡೆಗೆ ಕಳುಹಿಸುತ್ತಿತ್ತು.

ಹೋಗುವವರಿಗೆಲ್ಲ ಕೊಡುವ ಎಚ್ಚರಿಕೆಯ ಹಾಳೆಯನ್ನು ಬರೆದವನೂ ಅವನೇ. ಪಾಸ್‌ಪೋರ್ಟ್ ಮೈಮೇಲಿರಲಿ, ನೀರು ಕುದಿಸಿ ಕುಡಿಯಿರಿ. ಮೂರನೆಯದು ದಪ್ಪಕ್ಷರದಲ್ಲಿತ್ತು: ಊರಿನವರ ಮನೆಗಳಿಂದ ದೂರ ಡೇರೆ ಹಾಕಿ, ಅಪರಿಚಿತರು ಬಂದರೆ ಮಾತಿಗೆ ನಿಲ್ಲದೆ ಓಡಿಸಿ.

ಎರಡು ವರ್ಷಗಳ ಹಿಂದೆ ಅವನ ಜೊತೆ ಮೀನುಗಾರರ ಊರು ಬೆಂಗ್ರೆಯ ಅಯ್ಯೂಬ್ ಹೋಗಿದ್ದ. ದೋಣಿಯ ಕೆಲಸ ಬಿಟ್ಟು ಕಂಪೆನಿಯಲ್ಲಿ ಗೋಣಿ ಹೇರಿಸುವ ಕೆಲಸಕ್ಕೆ ಸೇರಿದವನು. ಮೊಜಾಂಬಿಕ್‌ನ ನಕಾಲಾ ಬಂದರಿನಿಂದ ಹೊರಗೆ, ಕಡಲ ಬದಿಯ ಗೋದಾಮಿನಲ್ಲಿ ಬೀಜವಿತ್ತು. ಹತ್ತಿರವೇ ಡೇರೆ ಹಾಕಿ ಕಾಯದಿದ್ದರೆ ಒಳ್ಳೆಯ ಬೀಜದ ಗೋಣಿ ಹೋಗಿ ಕೆಟ್ಟದ್ದು ಬಂದಿರುತ್ತದೆ. ಮೀನುಗಾರರ ಗುಡಿಸಲುಗಳು ದೂರದ ದಿಬ್ಬದ ಮೇಲಿದ್ದವು. ಕೆಳಗಿನ ಮರಳು ಖಾಲಿ. ಯಾಕೆ ಖಾಲಿ ಎಂದು ಇಬ್ಬರೂ ಕೇಳಲಿಲ್ಲ. ಹಾಳೆಯ ಪ್ರಕಾರ ಅದು ಒಳ್ಳೆಯ ಜಾಗ.

ಅಯ್ಯೂಬ್ ನೀರು ಬಿಟ್ಟುಹೋದ ಕಸದ ಗೆರೆ ನೋಡಿ, ಅಲ್ಲಿಂದ ಐವತ್ತು ಹೆಜ್ಜೆ ಮೇಲೆ ಡೇರೆಯ ಗೂಟ ಹೊಡೆದ. ಬೆಂಗ್ರೆಯಲ್ಲಿ ದೋಣಿ ಎಳೆದಿಡುವುದು ಹಾಗೆಯೇ. ನಮ್ಮಲ್ಲಿ ಅರ್ಧಚಂದ್ರನ ದಿನದ ಉಬ್ಬರಕ್ಕೂ ಹುಣ್ಣಿಮೆಯ ಉಬ್ಬರಕ್ಕೂ ಇರುವ ಅಂತರ ಮೊಣಕಾಲೆತ್ತರ. ಅವರು ಇಳಿದದ್ದು ಅರ್ಧಚಂದ್ರನ ದಿನ. ಅಲ್ಲಿ ಹುಣ್ಣಿಮೆಗೆ ನೀರು ಎರಡಾಳೆತ್ತರ ಏರಿ ಇಳಿಯುತ್ತದೆ; ಅರ್ಧಚಂದ್ರನ ದಿನದ ಗೆರೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ.

ಎಂಟನೆಯ ದಿನ ನಸುಕಿಗೆ ನೀರು ಡೇರೆಯೊಳಗೆ ನುಗ್ಗಿತು. ಈಜು ಬಾರದ ಗುಣಪಾಲನನ್ನು ಅಯ್ಯೂಬ್ ಎತ್ತಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರಕ್ಕೆ ಹತ್ತಿಸಿದ. ತಾನು ಹತ್ತುವ ಮೊದಲೇ ನೀರು ಅವನನ್ನು ಎಳೆಯಿತು. ಶವ ಎರಡು ದಿನಗಳ ನಂತರ ಸಿಕ್ಕಿತು. ಅಲ್ಲಿಯೇ ಮಣ್ಣು ಮಾಡಿದರು.

ಊರಿಗೆ ಬಂದ ಗುಣಪಾಲ ಇಷ್ಟನ್ನೇ ಹೇಳಿದ. ಸುಳ್ಳೇನೂ ಇರಲಿಲ್ಲ. ದೋಣಿಕಟ್ಟೆಯಲ್ಲಿ ಜನ ನಕ್ಕರು: “ಬೆಂಗ್ರೆಯಲ್ಲಿ ಹುಟ್ಟಿದವನಿಗೆ ನೀರಿನ ಗೆರೆ ನೋಡ್ಲಿಕ್ಕೆ ಬರ್ಲಿಲ್ವಾ ಮಾರಾಯ!”

ಈ ವರ್ಷ ಅಯ್ಯೂಬನ ಮಗ, ಇಪ್ಪತ್ತಾರರ ನಿಯಾಝ್, ಅದೇ ಕೆಲಸಕ್ಕೆ ಅದೇ ಕಡೆಗೆ ಹೊರಟ. ಹಾಳೆ ಕೊಡಲು ಗುಣಪಾಲ ಬೆಂಗ್ರೆಗೆ ಹೋದ. ಅಯ್ಯೂಬನ ಹೆಂಡತಿ ನಾಝಿಮಾ ಚಾ ತಂದಿಟ್ಟು ಬಾಗಿಲ ಬಳಿ ನಿಂತಳು. ನಿಯಾಝ್ ಓದಿ ಕೇಳಿದ:

“ಅಂಕಲ್, ನೀರು ಬರ್ತದೆ ಅಂತ ಆ ಊರಿನವರು ಯಾರೂ ಹೇಳ್ಲಿಲ್ವಾ?”

“ಅವರ ಭಾಷೆ ನಮಗೆ ಎಲ್ಲಿ ಅರ್ಥ ಆಗ್ತದೆ?”

“ಹಾಗಾದ್ರೆ ಹೇಳ್ಲಿಕ್ಕೆ ಬಂದಿದ್ರು,” ಎಂದಳು ನಾಝಿಮಾ.

ಗುಣಪಾಲ ಲೋಟ ಕೆಳಗಿಟ್ಟ. ನೀರು ನುಗ್ಗಿದ್ದರ ಹಿಂದಿನ ಸಂಜೆ ಡೇರೆಗೆ ಒಬ್ಬ ಮುದುಕ, ಇಬ್ಬರು ಹೆಂಗಸರು ಬಂದಿದ್ದರು. ಚಂದ್ರನನ್ನು ತೋರಿಸಿದರು, ಡೇರೆಯನ್ನು ತೋರಿಸಿದರು, ದಿಬ್ಬದ ಕಡೆ ಕೈ ಬೀಸಿದರು.

“ಅಯ್ಯೂಬ್ ಹೇಳಿದ, ಗುಣಪಾಲಣ್ಣ, ಎಂತ ಹೇಳ್ತಾರೆ ಅಂತ ಒಮ್ಮೆ ಕೇಳುವ ಅಂತ. ನಾನೇ ಬಿಡ್ಲಿಲ್ಲ. ಜಾಗ ನೋಡಿ ಹೋಗ್ಲಿಕ್ಕೆ ಬಂದ ಕಳ್ಳರು ಅಂದೆ. ಕತ್ತಿ ತೋರಿಸಿ ಓಡಿಸಿದೆ.” ಮತ್ತೆ ಸೇರಿಸಿದ: “ಬೆಳಿಗ್ಗೆ ಮರದಿಂದ ನನ್ನನ್ನು ಇಳಿಸಿದ್ದೂ ಅವರೇ.”

ನಾಝಿಮಾ ಅಳಲಿಲ್ಲ. “ಎರಡು ವರ್ಷ ಊರಿಡೀ ನನ್ನ ಗಂಡನನ್ನು ನೋಡಿ ನಕ್ಕಿತು. ನೀವು ಕೇಳಿಕೊಂಡು ಸುಮ್ಮನೆ ಇದ್ರಿ. ಈಗ ನನ್ನ ಮಗನ ಕೈಗೂ ಇದನ್ನೇ ಕೊಡ್ತೀರಾ?”

“ತೆಗೆಸ್ತೇನೆ, ನಾಝಿಮಾ. ಆ ಸಾಲು ತೆಗೆಸ್ತೇನೆ.”

ಕದ್ರಿಯ ಕಚೇರಿಯಲ್ಲಿ ಮ್ಯಾನೇಜರ್ ತಾರಾನಾಥ ಕಿವಿ ಕೊಡಲಿಲ್ಲ. “ಎಂತ ಗುಣಪಾಲರೇ, ನೀವೇ ಬರೆದದ್ದಲ್ವಾ? ನಾಳೆ ಗೋಣಿ ಕಳವಾದ್ರೆ ಊರಿನವರನ್ನು ಹತ್ತಿರ ಸೇರಿಸಿ ಅಂತ ಹೇಳಿದ್ದು ಯಾರು ಅಂತ ಕೇಳ್ತಾರೆ. ನಿಮ್ಮ ಹೆಸರು ಹೇಳ್ಲಾ?”

ಗುಣಪಾಲನಿಗೆ ನಿವೃತ್ತಿಗೆ ಮೂರು ವರ್ಷ ಬಾಕಿ. ತನ್ನ ಹೆಸರು ಹೇಳಲು ಅವನು ಒಪ್ಪಲಿಲ್ಲ. ಸಾಲು ಹಾಗೆಯೇ ಉಳಿಯಿತು.

ಸೋಮವಾರ ಹೊರಡುವ ನಾಲ್ವರನ್ನು ಕೂರಿಸಿ ಗುಣಪಾಲನಿಂದಲೇ ಹಾಳೆ ಓದಿಸಿದರು. ಸಾವಿನ ಬಾಯಿಂದ ಬಂದವನು ಎಂದು ತಾರಾನಾಥ ಪರಿಚಯಿಸಿದ. ಪಾಸ್‌ಪೋರ್ಟ್, ಕುದಿಸಿದ ನೀರು. ಮೂರನೆಯ ಸಾಲಿಗೆ ಬಂದಾಗ ಅವನು ನಿಯಾಝ್‌ನ ಕಡೆ ನೋಡಲಿಲ್ಲ. ಸ್ಪಷ್ಟವಾಗಿ, ಒಂದಕ್ಷರ ಬಿಡದೆ ಓದಿದ.

ನಿಯಾಝ್ ಎದ್ದು ನಿಂತ. ಉಳಿದ ಮೂವರ ಕಡೆ ತಿರುಗಿ ಹೇಳಿದ: “ನಾನು ಡೇರೆ ಹಾಕುವುದು ಗುಡಿಸಲಿನ ಪಕ್ಕ, ಅವರ ಹತ್ತಿರ ಕೇಳಿಯೇ. ನನ್ನ ಅಪ್ಪ ಕೇಳುವ ಅಂದಿದ್ರು. ಇವರು ಬಿಡ್ಲಿಲ್ಲ.”

ಮೂವರೂ ಗುಣಪಾಲನನ್ನು ನೋಡಿದರು. ಅವನು ನಾಲ್ಕನೆಯ ಸಾಲು ಓದಿದ. ಅದು ಸೊಳ್ಳೆಪರದೆಯ ಬಗ್ಗೆ ಇತ್ತು.