ಮುಟ್ಟಬೇಡಿ ಎಂದ ಮೇಲೆ

ಇದನ್ನು ನನಗೆ ಮೊದಲು ಹೇಳಿದವರು ಪುಣೆಯ ಬಿಬವೇವಾಡಿಯ ಮಾಲತಿ; ಅತ್ತಿಗೆ ಎಂಬರ್ಥದಲ್ಲಿ ಎಲ್ಲರೂ ಅವರನ್ನು ವೈನಿ ಎನ್ನುತ್ತಾರೆ. ಅವರ ಯಜಮಾನರು ಗ್ಲೈಡರ್ ಸಮೇತ ಬಿದ್ದಾಗ ಜನ ಪ್ರೀತಿಯಿಂದಲೇ ಎಬ್ಬಿಸಿ ಕೂರಿಸಿದ್ದರು. ಬೆನ್ನುಮೂಳೆ ಮುರಿದಿದ್ದ ಅವರು ಮತ್ತೆ ನಡೆಯಲಿಲ್ಲ.

"ನೀವೂ ಹಾರ್ತೀರಿ. ಬಿದ್ರ ಅಲ್ಲಾಡಬ್ಯಾಡ್ರಿ, ಯಾರಿಗೂ ಮುಟ್ಟಗೊಡಬ್ಯಾಡ್ರಿ, ನೀರು ಸುದ್ದಾ ಕುಡೀಬ್ಯಾಡ್ರಿ," ಅಂದಿದ್ದರು ವೈನಿ.

ಪುಣೆಯ ಹೊರಗೆ ನನ್ನ ಗ್ಲೈಡರ್ ಈರುಳ್ಳಿ ಹೊಲಕ್ಕೆ ಅಪ್ಪಳಿಸಿದಾಗ ನೆನಪಾದದ್ದು ಅಷ್ಟೇ. ಬೆನ್ನು ಉರಿಯುತ್ತಿತ್ತು. ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರು ಓಡಿಬಂದು, ತಮ್ಮ ತಂಬಿಗೆಯನ್ನು ನನ್ನ ತುಟಿಗೆ ಹಿಡಿದು, ಎಬ್ಬಿಸಲು ಕಂಕುಳಿಗೆ ಕೈ ಹಾಕಿದರು. "ಮುಟ್ಟಬೇಡಿ, ನಿಮ್ಮ ನೀರು ಬೇಡ," ಎಂದು ಮರಾಠಿಯಲ್ಲಿ ಚೀರಿದೆ.

ಕೈ ಹಿಂದೆ ಸರಿಯಿತು. "ಸಾಯುವಾಗಲೂ ನಮ್ಮ ಕೈನೀರು ಆಗೋದಿಲ್ಲವೇನು ತಾಯಿ?" ಎಂದರು ಮೆಲ್ಲಗೆ.

ಬೆನ್ನಿಗೆ ಪೆಟ್ಟಾಗಿದೆ ಎಂದು ನಾನು ಹೇಳುವಷ್ಟರಲ್ಲಿ ಹೊರಟುಹೋಗಿದ್ದರು. ಕತ್ತು ತಿರುಗಿಸಿ ನೋಡುವುದೂ ವೈನಿಯ ಕಾನೂನಿನಲ್ಲಿ ತಪ್ಪು. ಆಂಬುಲೆನ್ಸ್ ಕರೆಸಿದವರು ಅದೇ ಅಜ್ಜಿ ಎಂದು ಆಮೇಲೆ ತಿಳಿಯಿತು. ನಡೆಯುವಂತಾದ ಮೇಲೆ ಆ ಹೊಲಕ್ಕೆ ಹೋದೆ. ಅವರು ಕೂಲಿಗೆ ಬೇರೆ ಊರಿಗೆ ಹೋಗಿದ್ದರು.

ವೈನಿಯ ಮಾತು ನನ್ನ ಬೆನ್ನು ಉಳಿಸಿತು. ನೀವೂ ನಾಲ್ಕು ಜನಕ್ಕೆ ದಾಟಿಸಿ. ಬೆನ್ನಿಗೆ ಪೆಟ್ಟಾಗಿದೆ ಅಂತ ಮೊದಲು ಹೇಳಬೇಕು, ಮುಟ್ಟಬೇಡಿ ಅನ್ನೋದು ಆಮೇಲೆ ಅಂತಲೂ ಸೇರಿಸಿ.